ಮೌಖಿಕ ಪರೀಕ್ಷೆಯೂ ಮನೆವಾರ್ತೆಯೂ

ಪಿಎಚ್.ಡಿ. ಪದವಿಗಾಗಿ ಮಹಾಪ್ರಬಂಧವನ್ನು ಒಪ್ಪಿಸಿದ ದಿನ ಅಭ್ಯರ್ಥಿಗಳು ನೀಳವಾದ ನಿಟ್ಟುಸಿರೊಂದನ್ನು ಬಿಡುವುದುಂಟು. ಆದರೆ ಅಲ್ಲಿಂದ ಮೌಖಿಕ ಪರೀಕ್ಷೆಯವರೆಗಿನ ಕಾಲವು ಎಷ್ಟು ಕಷ್ಟಕರವಾದುದೆಂಬುದು ಹೊರಗಿನವರಿಗೆ ತಿಳಿಯದು. ಕಾಲೇಜಿನಲ್ಲಿ ಪಾಠ, ಉತ್ತರಪತ್ರಿಕೆಗಳ ಮೌಲ್ಯಮಾಪನ. ಮನೆಯಲ್ಲಿ ಮಕ್ಕಳ ಓದು, ಹಿರಿಯರ ಔಷಧೋಪಚಾರ. ಇವುಗಳ ನಡುವೆ, ತಾವೇ ಬರೆದ ಪ್ರಬಂಧವು ನಾಲ್ಕಾರು ತಿಂಗಳಲ್ಲಿ ಪರರ ಗ್ರಂಥದಂತೆ ತೋರತೊಡಗುತ್ತದೆ.

ರಜೆ ಹಾಕಿ, ಬಾಗಿಲು ಮುಚ್ಚಿ, ಹಗಲಿರುಳೂ ಓದಿದ ಹೊರತು ಇದಕ್ಕೆ ಸಿದ್ಧತೆಯಾಗದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ರಜೆ ದೊರೆಯದವರು ಇದರಿಂದ ಎದೆಗುಂದುತ್ತಾರೆ. ಈ ನಂಬಿಕೆ ತಪ್ಪೆಂದೇ ನನ್ನ ಅಭಿಪ್ರಾಯ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನೇ ಅಳೆದು, 1885ರಲ್ಲಿ ಪ್ರಕಟಿಸಿದನು. ಒಂದೇ ದಿನ 68 ಬಾರಿ ಆವರ್ತಿಸಿದುದರ ಫಲವು, ಮೂರು ದಿನಗಳಿಗೆ ಹಂಚಿ 38 ಬಾರಿ ಆವರ್ತಿಸಿದಾಗಲೂ ದೊರೆಯಿತೆಂದು ಅವನು ಕಂಡನು. ಪ್ರಬಂಧವು ಅರ್ಥವಿಲ್ಲದ ಅಕ್ಷರಗಳ ಸಾಲಲ್ಲವೆಂದು ವಾಚಕರು ಆಕ್ಷೇಪಿಸಬಹುದು. ಕೆಲವು ಪ್ರಬಂಧಗಳನ್ನು ಓದಿದ ಮೇಲೆ ನನಗೂ ಆ ಸಂದೇಹ ಬಂದದ್ದುಂಟು! ಅದೇನೇ ಇರಲಿ, 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಅರ್ಥವುಳ್ಳ ಗದ್ಯವನ್ನೇ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ, ಪುಟವನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರು ಅವರನ್ನು ಹಿಂದಕ್ಕೆ ಹಾಕಿದರು.

ತಾಲ್ಲೂಕು ಕೇಂದ್ರವೊಂದರ ಅಧ್ಯಾಪಕಿಯೊಬ್ಬರ ಸಂಗತಿ ನನಗೆ ಚೆನ್ನಾಗಿ ಗೊತ್ತಿದೆ. ಕೆರೆಯ ನೀರಿನ ಪಾಚಿಗಳು ಅವರ ಸಂಶೋಧನೆಯ ವಿಷಯ. ದಿನವೂ ಬಸ್ಸಿನಲ್ಲಿ ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ಅವರಿಗಿದ್ದ ಬಿಡುವು ಅಷ್ಟೇ. ಚೀಟಿಗೊಂದರಂತೆ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಪ್ರಬಂಧವನ್ನು ತೆರೆಯದೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದರು. ಸಂಜೆ ಚಪಾತಿ ಲಟ್ಟಿಸುತ್ತ, ಹೈಸ್ಕೂಲಿನಲ್ಲಿ ಓದುವ ಮಗನಿಗೆ ನಕ್ಷೆಗಳನ್ನು ವಿವರಿಸುತ್ತಿದ್ದರು. ಮೇ ತಿಂಗಳಲ್ಲಿ ನೀರಿನ ಆಮ್ಲಜನಕ ತಟ್ಟನೆ ಇಳಿದುದೇಕೆಂದು ಹುಡುಗ ಕೇಳಿದ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯೆಂದು ಇವರು ಹೇಳಿದರು. “ಏಪ್ರಿಲ್‌ನಲ್ಲೂ ಅಷ್ಟೇ ಬಿಸಿ ಇತ್ತಲ್ಲಮ್ಮಾ?” ಎಂದ. ಆ ರಾತ್ರಿ ಪ್ರಬಂಧವನ್ನು ತೆರೆದು ನೋಡಿದರೆ, ಅಲ್ಲಿಯೂ ಬಿಸಿಲನ್ನೇ ಕಾರಣವಾಗಿ ಬರೆದಿದ್ದರು. ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ, ಮೇ ಮೊದಲ ವಾರ ಪಾಚಿಯ ದಟ್ಟ ಪದರವು ಸತ್ತು ಕೊಳೆಯತೊಡಗಿದುದನ್ನು ಗುರುತು ಹಾಕಿಕೊಂಡಿದ್ದರು. ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿಬಿಡುತ್ತವೆ. ಹತ್ತು ಬಾರಿ ಪ್ರಬಂಧವನ್ನು ತಿರುವಿ ಹಾಕಿದ್ದರೂ ಈ ಲೋಪ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಭ್ಯರ್ಥಿಯ ಶ್ರಮ ಇಷ್ಟಿದ್ದರೂ, ವಿಶ್ವವಿದ್ಯಾನಿಲಯಗಳ ಹೊಣೆ ತಪ್ಪದು. ಪ್ರಬಂಧ ಒಪ್ಪಿಸಿದ ಆರು ತಿಂಗಳೊಳಗೆ ಮೌಖಿಕ ಪರೀಕ್ಷೆಯ ಫಲಿತಾಂಶವೂ ಹೊರಬೀಳುವಂತೆ ವ್ಯವಸ್ಥೆಯಿರಬೇಕೆಂದು ಧನಸಹಾಯ ಆಯೋಗದ 2022ರ ನಿಯಮಾವಳಿ ಹೇಳುತ್ತದೆ. ಪರೀಕ್ಷೆಯನ್ನು ಆನ್‌ಲೈನಿನಲ್ಲಿ ನಡೆಸಲೂ ಅವಕಾಶವಿತ್ತಿದೆ. ಇವೆರಡೂ ಸ್ವಾಗತಾರ್ಹವೇ. ಆದರೆ ಮೇಲೆ ಹೇಳಿದ ಅಧ್ಯಾಪಕಿಗೆ ಸೋಮವಾರದ ಪರೀಕ್ಷೆಯ ಸುದ್ದಿ ಬಂದದ್ದು ಹಿಂದಿನ ಗುರುವಾರ ಸಂಜೆ, ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತಿದ್ದಾಗ, ದೂರವಾಣಿಯ ಮೂಲಕ. ಚೀಟಿಗಳು ಕೈಯಲ್ಲಿದ್ದುದರಿಂದ ಅವರು ಪಾರಾದರು. ಹಂಚಿ ಓದಬೇಕಾದರೆ ಹಂಚಿಕೊಳ್ಳಲು ದಿನಗಳಾದರೂ ಇರಬೇಡವೇ? ಪರೀಕ್ಷಕರ ಒಪ್ಪಿಗೆ ದೊರೆತ ದಿನವೇ ಅಭ್ಯರ್ಥಿಗೂ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು. ಆ ದಿನಕ್ಕೂ ಪರೀಕ್ಷೆಗೂ ನಡುವೆ ಮೂರು ವಾರಗಳಾದರೂ ಇರಬೇಕು. ಹಿಂದಿನ ದಿನವೂ ಪರೀಕ್ಷೆಯ ದಿನವೂ ಬೇರಾವ ಕರ್ತವ್ಯಕ್ಕೂ ಅವರನ್ನು ಕರೆಯಕೂಡದು.