ಗಲ್ಲಾಪೆಟ್ಟಿಗೆ ನಂಬಿದ ಮಾಲೀಕ
ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಕಾನಿ ಮ್ಯಾಕ್‌ಗೆ ಜಿಪುಣನೆಂಬ ಹಣೆಪಟ್ಟಿ ಅಂಟಿದೆ. ಅದು ಅರ್ಧ ಸತ್ಯ. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದಲ್ಲಿ ಪಾಲು ಹೊಂದಿದ್ದ ಈತ 1901ರಿಂದ 1950ರವರೆಗೆ ಅದರ ಮ್ಯಾನೇಜರೂ ಆಗಿದ್ದ. ಸಮವಸ್ತ್ರದ ಗೊಡವೆಯಿಲ್ಲ, ಸೂಟು, ಟೈ ಧರಿಸಿ ಬೆಂಚಿನ ಮೇಲೆ ಕೂತು, ಕೈಯಲ್ಲಿದ್ದ ಸ್ಕೋರ್‌ಕಾರ್ಡ್ ಬೀಸಿ ಫೀಲ್ಡರುಗಳನ್ನು ಅತ್ತಿತ್ತ ಸರಿಸುತ್ತಿದ್ದ. ಐದು ಸಲ ವರ್ಲ್ಡ್ ಸೀರೀಸ್ ಗೆದ್ದ; ಕೈಯಾರೆ ಕಟ್ಟಿದ ಎರಡು ದೊಡ್ಡ ತಂಡಗಳನ್ನು ಕೈಯಾರೆ ಮಾರಿಯೂ ಬಿಟ್ಟ. 1914ರ ನಂತರದ ಮಾರಾಟದ ಫಲವಾಗಿ ತಂಡ ಸತತ ಏಳು ವರ್ಷ ಕಟ್ಟಕಡೆಯ ಸ್ಥಾನದಲ್ಲಿ ಬಿದ್ದಿತ್ತು. ಆದರೆ ಯಾಂಕೀಸ್‌ನ ಮಾಲೀಕ ಜೇಕಬ್ ರೂಪರ್ಟ್‌ಗೆ ಬಿಯರ್ ಕಾರ್ಖಾನೆಯಿತ್ತು, ಮ್ಯಾಕ್‌ಗಿದ್ದದ್ದು ಟಿಕೆಟಿನ ಹಣವಷ್ಟೇ. ಅದರಲ್ಲೂ ಪೆನ್ಸಿಲ್ವೇನಿಯಾದ ಕಾನೂನು 1933ರವರೆಗೆ ಭಾನುವಾರದ ಪಂದ್ಯಗಳಿಗೆ ಅವಕಾಶವನ್ನೇ ಕೊಡಲಿಲ್ಲ. ಕಾರ್ಮಿಕರಿಗೆ ಬಿಡುವಿದ್ದ ದಿನವೇ ಮೈದಾನಕ್ಕೆ ಬೀಗ. ಆರ್ಥಿಕ ಮಹಾಕುಸಿತದ ಹೊಡೆತಕ್ಕೆ ಸಿಮನ್ಸ್, ಗ್ರೋವ್‌ರಂಥ ತಾರೆಗಳು ಬಿಕರಿಯಾದದ್ದರಲ್ಲಿ ದುರಾಸೆಗಿಂತ ಲೆಕ್ಕಾಚಾರವೇ ಹೆಚ್ಚು. ಹಾಗಾದರೆ ಬಡತನವೇ ಎಲ್ಲಕ್ಕೂ ಉತ್ತರವೇ ಎಂದು ಕೇಳಬಹುದು. ಅಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕೂಡ ಶ್ರೀಮಂತ ತಂಡವಾಗಿರಲಿಲ್ಲ. ಬ್ರಾಂಚ್ ರಿಕಿ ಅಲ್ಲಿ ಸಣ್ಣ ಊರುಗಳ ತಂಡಗಳನ್ನು ಕೊಂಡು, ಹುಡುಗರನ್ನು ಅಗ್ಗದಲ್ಲಿ ಪಳಗಿಸುವ ವ್ಯವಸ್ಥೆ ಕಟ್ಟಿದ. ಮ್ಯಾಕ್ ಆ ದಾರಿಯಲ್ಲಿ ತೀರಾ ಹಿಂದುಳಿದ. ಬದಲಿಗೆ 1935ರಲ್ಲಿ ಅಕ್ಕಪಕ್ಕದ ಮನೆಯವರು ಮಾಳಿಗೆ ಮೇಲಿಂದ ಪುಕ್ಕಟೆ ಆಟ ನೋಡದಂತೆ ತಂಡದ ಮೈದಾನವಾದ ಶೈಬ್ ಪಾರ್ಕಿನ ಬಲಗೋಡೆಯನ್ನು ಎತ್ತರಿಸಲಾಯಿತು (ಇದನ್ನು ಮಾತ್ರ ಜಿಪುಣತನವೆನ್ನಲು ಅಡ್ಡಿಯಿಲ್ಲ). ಕೊನೆಗೆ ಮ್ಯಾಕ್‌ನ ಮಕ್ಕಳ ಜಗಳ, ಸಾಲದ ನಡುವೆ ತಂಡ 1954ರಲ್ಲಿ ಆರ್ನಲ್ಡ್ ಜಾನ್ಸನ್ ಪಾಲಾಗಿ, ಮರುವರ್ಷ ಕಾನ್ಸಾಸ್ ಸಿಟಿಗೆ ಹೊರಟುಹೋಯಿತು.