ಮಿದುಳಿನ ಚಿತ್ರವೂ ಮಕ್ಕಳ ಹಣೆಬರಹವೂ

ತಲೆಬುರುಡೆಯನ್ನು ತೆರೆಯದೆಯೇ ಅದರೊಳಗಿನ ಮಿದುಳನ್ನು ಕಾಣುವ ಉಪಾಯವನ್ನು ವಿಜ್ಞಾನಿಗಳು ಕಂಡುಹಿಡಿದು ಅರ್ಧ ಶತಮಾನಕ್ಕೂ ಮಿಕ್ಕಿತು. ಅದರಿಂದ ರೋಗಿಗಳಿಗೆ ಆಗಿರುವ ಉಪಕಾರವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೆ ಆಸ್ಪತ್ರೆಯಲ್ಲಿ ಇರತಕ್ಕ ವಸ್ತುವಿನ ಹೆಸರು ಹೇಳಿಕೊಂಡು ಬೇರೊಂದು ವಸ್ತುವು ಶಾಲೆಯ ಬಾಗಿಲಿಗೆ ಬಂದು ನಿಂತಾಗ, ಉಪಾಧ್ಯಾಯರಾದ ನಾವು ಒಂದೆರಡು ಮಾತುಗಳನ್ನಾದರೂ ಆಡದೆ ಸುಮ್ಮನಿರುವುದು ಸರಿಯಾಗಲಾರದು.

ಈಚಿನ ಕೆಲವು ವರ್ಷಗಳಿಂದ ಪಾಲಕರಲ್ಲಿ ಕೆಲವರು ಬಣ್ಣಬಣ್ಣದ ಚಿತ್ರಗಳುಳ್ಳ ಒಂದು ವರದಿಯನ್ನು ಕೈಯಲ್ಲಿ ಹಿಡಿದು ನಮ್ಮಲ್ಲಿಗೆ ಬರುತ್ತಿರುವರು. ಮಗುವಿನ ಹತ್ತು ಬೆರಳುಗಳ ಅಚ್ಚನ್ನು ತೆಗೆದುಕೊಂಡು, ಸಾವಿರಾರು ರೂಪಾಯಿ ಎಣಿಸಿಕೊಂಡು, ಮೊದಲನೆಯ ಪುಟದಲ್ಲಿಯೇ ಒಂದು ಮಿದುಳಿನ ಚಿತ್ರವನ್ನು ಮುದ್ರಿಸಿ ಕೊಟ್ಟ ವರದಿಯದು. “ಈ ಮಗುವಿನದು ಬಲ ಮಿದುಳು, ಭಾಷೆಗಳು ಇದಕ್ಕೆ ಒಗ್ಗುವುದಿಲ್ಲ, ಒಂದೇ ಭಾಷೆಯಲ್ಲಿ ಓದಿಸುವುದು ಒಳ್ಳೆಯದು” ಎಂದು ಅದರಲ್ಲಿ ಬರೆದಿರುತ್ತದೆ. ಆ ಒಂದೇ ಭಾಷೆಯು ಯಾವುದೆಂದು ಹೇಳಬೇಕಾಗಿಲ್ಲ. “ಮಾಸ್ತರರೇ, ಇವಳ ಮಿದುಳೇ ಹಾಗಂತೆ, ನಾವೇನು ಮಾಡುವುದು?” ಎಂದು ತಾಯಿಯೊಬ್ಬರು ಹೇಳಿದಾಗ ಪಕ್ಕದಲ್ಲಿ ನಿಂತಿದ್ದ ಆ ಬಾಲಿಕೆಯು ತಲೆಯನ್ನು ತಗ್ಗಿಸಿಕೊಂಡಳು. ಅವಳಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಚಾಳಿನ ಅಂಗಳದಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಆಡುವ ಹುಡುಗಿಗೆ ಭಾಷೆಗಳು ಒಗ್ಗುವುದಿಲ್ಲವಂತೆ! ಅವಳ ಮಿದುಳನ್ನು ಯಾರೂ ನೋಡಿಯೇ ಇರಲಿಲ್ಲ; ನೋಡಿದ್ದು ಬೆರಳನ್ನು.

ಇಂತಹ ವ್ಯಾಪಾರಿಗಳು ನಿಜವಾದ ಮಿದುಳಿನ ಚಿತ್ರಣಶಾಸ್ತ್ರದ ಕೀರ್ತಿಯನ್ನು ಎರವಲು ಪಡೆದು ಬದುಕುತ್ತಿರುವರು. ಆದುದರಿಂದ ಆ ಶಾಸ್ತ್ರವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಪಾಲಕರೂ ಹಿರಿಯ ತರಗತಿಗಳ ವಿದ್ಯಾರ್ಥಿಗಳೂ ತಿಳಿದಿರಬೇಕಾದುದು ಅವಶ್ಯ.

1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ಕ್ಷಕಿರಣಗಳನ್ನು ಸುತ್ತಲಿಂದಲೂ ಹಾಯಿಸಿ, ಗಣಕಯಂತ್ರದ ನೆರವಿನಿಂದ ಜೀವಂತ ರೋಗಿಯ ಮಿದುಳಿನ ಅಡ್ಡಸೀಳಿನ ಚಿತ್ರವನ್ನು ತೆಗೆದರು. 1973ರಲ್ಲಿ ಅಮೆರಿಕದ ಲಾಟರ್ಬರ್ ಎಂಬವರು ಕ್ಷಕಿರಣಗಳೂ ಬೇಡ, ಬಲವಾದ ಅಯಸ್ಕಾಂತವೂ ರೇಡಿಯೋ ಅಲೆಗಳೂ ಸಾಕೆಂಬುದನ್ನು ತೋರಿಸಿದರು. ಎಂ.ಆರ್.ಐ. ಎಂದು ಇಂದು ಎಲ್ಲರ ಬಾಯಲ್ಲಿರುವುದು ಇದೇ. ಇದು ಮಿದುಳಿನ ರಚನೆಯನ್ನು ತೋರಿಸುತ್ತದೆ. ಅದು ಕೆಲಸಮಾಡುವುದನ್ನು ಕಾಣಿಸುವ ದಾರಿಯನ್ನು ಹಾಕಿಕೊಟ್ಟವರು ಜಪಾನಿನ ಸೇಜಿ ಒಗಾವಾ. ಅವರು ಅಮೆರಿಕದಲ್ಲಿದ್ದಾಗ, 1990ರಲ್ಲಿ. ಮಿದುಳಿನ ಯಾವ ಭಾಗವು ದುಡಿಯುತ್ತದೆಯೋ ಆ ಭಾಗಕ್ಕೆ ರಕ್ತವು ಹೆಚ್ಚಾಗಿ ಹರಿದುಬರುತ್ತದೆ. ಆಮ್ಲಜನಕವನ್ನು ಹೊತ್ತ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಅಯಸ್ಕಾಂತದ ಎದುರಿನಲ್ಲಿ ನಡತೆಯ ವ್ಯತ್ಯಾಸವುಂಟು. ಆ ವ್ಯತ್ಯಾಸವನ್ನು ಅಳೆದು, ಲೆಕ್ಕಮಾಡಿ, ಅದಕ್ಕೆ ಬಣ್ಣ ಹಚ್ಚಿದರೆ ನಾವು ಪತ್ರಿಕೆಗಳಲ್ಲಿ ಕಾಣುವ ಕೆಂಪು ಹಳದಿ ಚಿತ್ರವು ಸಿದ್ಧವಾಗುತ್ತದೆ.

ಎಂದಮೇಲೆ ಆ ಚಿತ್ರವು ಆಲೋಚನೆಯ ಛಾಯಾಚಿತ್ರವಲ್ಲ. ರಕ್ತದ ಹರಿವಿನ ಲೆಕ್ಕಪತ್ರ. ರಕ್ತವೂ ಆಲೋಚನೆಯ ಹಿಂದೆಯೇ ಓಡಿಬರುವುದಿಲ್ಲ. ಅದರ ಉಬ್ಬರವು ಐದಾರು ಸೆಕೆಂಡುಗಳಷ್ಟು ತಡವಾಗಿ ಬರುತ್ತದೆ. ಚಿತ್ರದ ಒಂದೊಂದು ಚುಕ್ಕೆಯು ಕೆಲವೇ ಮಿಲಿಮೀಟರುಗಳ ಘನವಾಗಿದ್ದರೂ ಅದರಲ್ಲಿ ಲಕ್ಷಗಟ್ಟಲೆ ನರಕೋಶಗಳು ಅಡಗಿರುತ್ತವೆ. ಸಂಜೆಯ ಹೊತ್ತು ದಾದರ್ ನಿಲ್ದಾಣದ ಮೇಲೆ ವಿಮಾನದಲ್ಲಿ ಹಾರುವವನು ಕೆಳಗೆ ಜನದಟ್ಟಣೆ ಇರುವುದನ್ನು ಹೇಳಬಲ್ಲನು. ಅವರಲ್ಲಿ ಯಾರು ಮನೆಗೆ ಹೊರಟಿರುವರು, ಯಾರು ಕೆಲಸ ಕಳೆದುಕೊಂಡು ನಿಂತಿರುವರು ಎಂಬುದನ್ನು ಹೇಳಬಲ್ಲನೆ?

ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ಅಮೆರಿಕದ ಕೆಲವು ಸಂಶೋಧಕರೇ 2009ರಲ್ಲಿ ವಿನೋದವಾಗಿ ತೋರಿಸಿಕೊಟ್ಟರು. ಅಂಗಡಿಯಿಂದ ಸತ್ತ ಸಾಲ್ಮನ್ ಮೀನೊಂದನ್ನು ತಂದು, ಯಂತ್ರದೊಳಗೆ ಮಲಗಿಸಿ, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ‘ಇವರ ಮನಸ್ಸಿನಲ್ಲಿ ಏನಿದೆ, ಹೇಳು’ ಎಂದು ಕೇಳಿದರು. ಸಾವಿರಾರು ಚುಕ್ಕೆಗಳನ್ನು ಒಮ್ಮೆಗೇ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟು ಲೆಕ್ಕಹಾಕಿದಾಗ ಸತ್ತ ಮೀನಿನ ಮಿದುಳಿನಲ್ಲಿಯೂ ಕೆಂಪು ಚುಕ್ಕೆಗಳು ಕಾಣಿಸಿಕೊಂಡುವು! ತಿದ್ದುಪಡಿ ಮಾಡಿದೊಡನೆ ಮಾಯವಾದುವು. ತನ್ನ ಶಾಸ್ತ್ರವನ್ನು ತಾನೇ ಹೀಗೆ ಹಾಸ್ಯಮಾಡಿ ತಿದ್ದಿಕೊಳ್ಳುವ ವಿಜ್ಞಾನಿಯ ಮೇಲೆ ನಮಗೆ ಗೌರವವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬೆರಳಚ್ಚಿನ ವ್ಯಾಪಾರಿಯು ಇಂತಹ ಕೆಲಸಕ್ಕೆ ಎಂದಾದರೂ ಕೈಹಾಕಿದ್ದುಂಟೆ?

ಮಿದುಳನ್ನು ಅಳೆದು ಮನುಷ್ಯನಿಗೆ ಬೆಲೆ ಕಟ್ಟುವ ಚಪಲವು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಪಂಡಿತರು ಮಿದುಳನ್ನು ತಕ್ಕಡಿಗೆ ಹಾಕಿ ತೂಗಿದರು. ರಷ್ಯದ ಕಾದಂಬರಿಕಾರ ತುರ್ಗೆನೆವನ ಮಿದುಳು ಎರಡು ಕಿಲೋಗ್ರಾಮುಗಳನ್ನು ಮೀರಿತ್ತು. 1921ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಫ್ರಾನ್ಸಿನ ಅನಾತೋಲ್ ಫ್ರಾನ್ಸನದು ಒಂದು ಕಿಲೋಗ್ರಾಮಿಗಿಂತ ಅಷ್ಟಿಷ್ಟು ಮಾತ್ರ ಹೆಚ್ಚು. ಐನ್‌ಸ್ಟೈನರದು 1230 ಗ್ರಾಮು, ಸಾಧಾರಣ ಮನುಷ್ಯನ ಮಿದುಳಿಗಿಂತ ತುಸು ಕಡಿಮೆಯೇ. ತಕ್ಕಡಿಯ ಕಥೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಮಿದುಳು ಮಿದುಳಿಗೆ ವ್ಯತ್ಯಾಸವೇ ಇಲ್ಲವೆ? ಉಂಟು, ನಿಸ್ಸಂದೇಹವಾಗಿ ಉಂಟು. ಮಿದುಳಿನ ಭಾಗಗಳು ಒಂದರೊಡನೊಂದು ಸೇರಿ ಕೆಲಸಮಾಡುವ ಬಗೆಯು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದೆಂದೂ, ಆ ಗುರುತಿನಿಂದಲೇ ನೂರಕ್ಕೂ ಹೆಚ್ಚು ಜನರ ನಡುವೆ ಒಬ್ಬನನ್ನು ಬಹುಮಟ್ಟಿಗೆ ಸರಿಯಾಗಿ ಗುರುತಿಸಬಹುದೆಂದೂ 2015ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ತೋರಿಸಿರುವರು. ಪ್ರಶ್ನೆಯಿರುವುದು ವ್ಯತ್ಯಾಸವುಂಟೇ ಎಂಬಲ್ಲಿ ಅಲ್ಲ. ಆ ವ್ಯತ್ಯಾಸವು ಎಲ್ಲಿಂದ ಬಂದಿತು, ಅದರಿಂದ ಯಾವ ತೀರ್ಮಾನವನ್ನು ಮಾಡಬಹುದು ಎಂಬಲ್ಲಿ. ಇದನ್ನು ಕುರಿತು ಲಂಡನ್ನಿನ ಟ್ಯಾಕ್ಸಿ ಚಾಲಕರ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ.

ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿಯನ್ನು ಓಡಿಸಬೇಕಾದವನು ನಗರದ ನಡುವಿನ ಚೇರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿಗಳಲ್ಲಿರುವ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಯಾವ ಬೀದಿಯಿಂದ ಯಾವ ಬೀದಿಗೆ ಹೇಗೆ ಹೋಗುವುದು, ದಾರಿಯಲ್ಲಿ ಯಾವ ಆಸ್ಪತ್ರೆ, ಯಾವ ನಾಟಕಶಾಲೆ ಎಂಬುದನ್ನೆಲ್ಲ ಪರೀಕ್ಷಕರ ಎದುರು ಕುಳಿತು ಹೇಳಬೇಕು. ಇದಕ್ಕೆ ಮೂರು ನಾಲ್ಕು ವರ್ಷಗಳು ಬೇಕಾಗುವುವು. ನಡುವೆ ಬಿಟ್ಟುಹೋಗುವವರೂ ಬಹಳ. ಎಲಿನಾರ್ ಮಗ್ವಾಯರ್ ಎಂಬ ಐರಿಷ್ ವಿದುಷಿಯು (ಇವರು 2025ರಲ್ಲಿ ತೀರಿಕೊಂಡರು) 2000ದಲ್ಲಿ ಇಂತಹ 16 ಮಂದಿ ಚಾಲಕರ ಮಿದುಳಿನ ಚಿತ್ರಗಳನ್ನು ಇತರರದರೊಡನೆ ಹೋಲಿಸಿದರು. ದಾರಿಯನ್ನೂ ಸ್ಥಳವನ್ನೂ ನೆನಪಿಡುವುದಕ್ಕೆ ನೆರವಾಗುವ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿಯು ಚಾಲಕರಲ್ಲಿ ದೊಡ್ಡದಾಗಿತ್ತು. ಹೆಚ್ಚು ವರ್ಷ ಟ್ಯಾಕ್ಸಿ ಓಡಿಸಿದವರಲ್ಲಿ ಇನ್ನೂ ದೊಡ್ಡದು.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯು ಎದ್ದು ನಿಂತು ಕೇಳಬೇಕಾದ ಪ್ರಶ್ನೆಯೊಂದುಂಟು. ಟ್ಯಾಕ್ಸಿ ಓಡಿಸಿದ್ದರಿಂದ ಆ ಭಾಗವು ಬೆಳೆಯಿತೋ, ಅಥವಾ ಹುಟ್ಟಿನಿಂದಲೇ ಆ ಭಾಗವು ದೊಡ್ಡದಾಗಿದ್ದವರು ಮಾತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದರೋ? ಮಗ್ವಾಯರ್ ಅವರೂ ಇದನ್ನೇ ಕೇಳಿಕೊಂಡರು. ಮೊದಲು ಬಸ್ಸಿನ ಚಾಲಕರೊಡನೆ ಹೋಲಿಸಿದರು. ಅವರದೂ ಅದೇ ನಗರ, ಅದೇ ದಟ್ಟಣೆ, ಆದರೆ ದಿನವೂ ಒಂದೇ ದಾರಿ. ಅವರಲ್ಲಿ ಆ ಬೆಳವಣಿಗೆಯು ಕಾಣಲಿಲ್ಲ. ಆಮೇಲೆ, ಕಲಿಯಲು ಆಗಷ್ಟೇ ಸೇರಿದ್ದ 79 ಮಂದಿಯ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಮೂರು ನಾಲ್ಕು ವರ್ಷ ಕಾದು, ಮತ್ತೆ ತೆಗೆದರು. ಅವರಲ್ಲಿ 39 ಮಂದಿ ತೇರ್ಗಡೆಯಾಗಿದ್ದರು. ಮೊದಲ ಸಲದ ಚಿತ್ರದಲ್ಲಿ ಮುಂದೆ ಗೆಲ್ಲುವವರಿಗೂ ಸೋಲುವವರಿಗೂ ವ್ಯತ್ಯಾಸವಿರಲಿಲ್ಲ. ಎರಡನೆಯ ಸಲ ಗೆದ್ದವರಲ್ಲಿ ಮಾತ್ರ ಆ ಭಾಗವು ಬೆಳೆದಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಆರಂಭದ ಚಿತ್ರವನ್ನು ನೋಡಿ, “ನಿನ್ನ ಮಿದುಳು ಇದಕ್ಕೆ ಒಗ್ಗದು” ಎಂದು ಯಾರನ್ನಾದರೂ ಹಿಂದಕ್ಕೆ ಕಳುಹಿಸಿದ್ದರೆ ಎಂತಹ ಅನ್ಯಾಯವಾಗುತ್ತಿತ್ತು! ಲಾಭದ ಜೊತೆಗೆ ನಷ್ಟವೂ ಇತ್ತೆಂಬುದನ್ನು ಮರೆಮಾಚಬಾರದು: ಗೆದ್ದವರು ಹೊಸ ಆಕೃತಿಗಳನ್ನು ನೆನಪಿಡುವ ಒಂದು ಬಗೆಯ ಪರೀಕ್ಷೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು.

ನಮ್ಮ ದೇಶದ್ದೇ ಒಂದು ನಿದರ್ಶನವು ಇದಕ್ಕಿಂತಲೂ ಹೆಚ್ಚಾಗಿ ನಮ್ಮ ಮನಸ್ಸನ್ನು ಸೆಳೆಯಿತು. ಲಖನೌ ಸಮೀಪದ ಹಳ್ಳಿಗಳಲ್ಲಿ ಒಂದಕ್ಷರವನ್ನೂ ಓದಲಾರದ, ಸುಮಾರು ಮೂವತ್ತರ ಆಸುಪಾಸಿನ ವಯಸ್ಕರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು, ಆರು ತಿಂಗಳ ಕಾಲ ದೇವನಾಗರಿ ಅಕ್ಷರಗಳನ್ನು ಕಲಿಸಿ, ಮೊದಲೂ ಆಮೇಲೂ ಮಿದುಳಿನ ಚಿತ್ರಗಳನ್ನು ತೆಗೆದರು. ಜರ್ಮನಿಯ ಮತ್ತು ಭಾರತದ ವಿದ್ವಾಂಸರು ಕೂಡಿ ಮಾಡಿದ ಈ ಕೆಲಸವು 2017ರಲ್ಲಿ ಪ್ರಕಟವಾಯಿತು. ಕಲಿತವರು ಒಂದನೆಯ ತರಗತಿಯ ಮಗುವಿನಷ್ಟು ಓದಬಲ್ಲವರಾದರು. ಅವರ ಮಿದುಳಿನ ಮೇಲ್ಪದರದಲ್ಲಿ ಮಾತ್ರವಲ್ಲದೆ ಬಲು ಆಳದಲ್ಲಿರುವ ಥಲಾಮಸ್, ಮಿದುಳಕಾಂಡಗಳಲ್ಲಿಯೂ ದೃಷ್ಟಿಗೆ ಸಂಬಂಧಿಸಿದ ಭಾಗಗಳ ಹೊಂದಾಣಿಕೆಯು ಬದಲಾಗಿತ್ತೆಂದು ಅವರು ವರದಿಮಾಡಿರುವರು. ಮೂವತ್ತು ಜನರ ಅಧ್ಯಯನವಾದುದರಿಂದ ಇದನ್ನು ಕೊನೆಯ ಮಾತೆಂದು ಹಿಡಿಯಬಾರದೆಂಬುದು ನಿಜ. ಆದರೂ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತ ಕಾಗುಣಿತ ತಿದ್ದಿದ ನಮ್ಮ ಹಿರಿಯರನ್ನು ನೆನೆದಾಗ ಈ ವರದಿಯು ನಮಗೆ ಅಪರಿಚಿತವೆನಿಸಲಿಲ್ಲ.

ಇನ್ನು ‘ಎಡ ಮಿದುಳು, ಬಲ ಮಿದುಳು’ ಎಂಬ ವಿಚಾರ. ಮಾತಿನ ಕೆಲಸವು ಹೆಚ್ಚಿನವರಲ್ಲಿ ಎಡಗಡೆಯಲ್ಲಿ ನಡೆಯುವುದೆಂಬುದು ಬ್ರೋಕಾ ಎಂಬ ಫ್ರೆಂಚ್ ವೈದ್ಯನ ಕಾಲದಿಂದಲೂ ತಿಳಿದದ್ದೇ. ಅದರಿಂದ ಮನುಷ್ಯರಲ್ಲಿಯೇ ಎಡದವರು, ಬಲದವರು ಎಂಬ ಎರಡು ಜಾತಿಗಳಾದುವೆನ್ನುವುದು ಹಾರುಬುದ್ಧಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದೊಳಗಿನ ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಪರಿಶೀಲಿಸಿ, ಅಂತಹ ಜಾತಿಗಳಿಗೆ ಆಧಾರವು ಕಾಣದೆಂದು 2013ರಲ್ಲಿಯೇ ಹೇಳಿರುವರು. ಗಂಡಿನ ಮಿದುಳು, ಹೆಣ್ಣಿನ ಮಿದುಳು ಎಂಬ ಮಾತಿನ ಪಾಡೂ ಹೆಚ್ಚುಕಡಿಮೆ ಹೀಗೆಯೇ: ಸರಾಸರಿಯಲ್ಲಿ ವ್ಯತ್ಯಾಸಗಳುಂಟು, ಒಬ್ಬೊಬ್ಬರನ್ನು ತೆಗೆದುಕೊಂಡರೆ ಎರಡರ ಮಿಶ್ರಣವೇ ಹೆಚ್ಚು.

ಸರಾಸರಿಯೆಂಬ ಈ ಮಾತಿನಲ್ಲಿಯೇ ಎಲ್ಲ ತೊಡಕೂ ಅಡಗಿದೆ. ಓದಿನಲ್ಲಿ ಜನ್ಮತಃ ತೊಡಕುಳ್ಳ ಮಕ್ಕಳನ್ನು ಒಂದು ಗುಂಪಾಗಿ ನೋಡಿದಾಗ, ಓದುವ ಹೊತ್ತಿನಲ್ಲಿ ಅವರ ಎಡ ಮಿದುಳಿನ ಹಿಂಭಾಗದ ಕೆಲವು ಪ್ರದೇಶಗಳ ಚಟುವಟಿಕೆಯು ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿವೆ. ಇದರಿಂದ ಒಂದು ದೊಡ್ಡ ಉಪಕಾರವಾಯಿತು. ಆ ಮಕ್ಕಳು ಸೋಮಾರಿಗಳೂ ಅಲ್ಲ, ದಡ್ಡರೂ ಅಲ್ಲವೆಂಬುದು ಸ್ಥಿರಪಟ್ಟಿತು. ಬೆತ್ತದಿಂದ ಉತ್ತರ ಕೊಡುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆಯು ಗೊತ್ತು. ಹಾಗಿದ್ದರೂ ಇಂದಿಗೂ ಯಾವ ವೈದ್ಯನೂ ಒಂದು ಮಗುವಿನ ಓದಿನ ತೊಡಕನ್ನು ಚಿತ್ರದಿಂದ ನಿರ್ಣಯಿಸುವುದಿಲ್ಲ. ಓದಿಸಿ, ಬರೆಸಿ, ಕೇಳಿಸಿಯೇ ನಿರ್ಣಯಿಸುವನು. ಮಿದುಳಿನ ಚಿತ್ರಕ್ಕೂ ಮನುಷ್ಯನ ನಡತೆಗೂ ಗಂಟು ಹಾಕಬೇಕಾದರೆ ಸಾವಿರಾರು ಜನರ ಚಿತ್ರಗಳು ಬೇಕು, ಇಪ್ಪತ್ತು ಮೂವತ್ತು ಸಾಲವು ಎಂದು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನವು ಆ ಶಾಸ್ತ್ರದವರನ್ನೇ ಎಚ್ಚರಿಸಿತು.

ನ್ಯಾಯಾಲಯವೂ ಈ ವಿಷಯದಲ್ಲಿ ಎಚ್ಚರವಹಿಸಿದೆ. ಆರೋಪಿಯ ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ತನ್ನು ಅಳೆದು ಅಪರಾಧವನ್ನು ಪತ್ತೆಮಾಡುವ ಪದ್ಧತಿಯು ನಮ್ಮಲ್ಲಿ ಕೆಲವು ಕಾಲ ಬಳಕೆಯಲ್ಲಿದ್ದಿತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ, 2010ರ ಮೇ ತಿಂಗಳಲ್ಲಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆಗೆ ಒಳಪಡಿಸುವುದು ಸಂವಿಧಾನಕ್ಕೆ ವಿರೋಧವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೊಲೆಯ ಆಪಾದನೆ ಹೊತ್ತವನ ಮಿದುಳಿಗೆ ದೊರೆತ ಈ ಮರ್ಯಾದೆಯು ಮೂರನೆಯ ತರಗತಿಯ ಮಗುವಿಗೆ ದೊರೆಯಬಾರದೆ?

ಕನ್ನಡ ಮಾಧ್ಯಮದವರಾದ ನಾವು ನಮ್ಮ ಅನುಕೂಲಕ್ಕೆ ಶಾಸ್ತ್ರವನ್ನು ತಿರುಚುತ್ತಿರುವೆವೆಂದು ಯಾರಾದರೂ ಶಂಕಿಸಬಹುದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದವರು ಮೈಸೂರಿನ ವಿದ್ವಾಂಸರೊಬ್ಬರೊಡನೆ ಕೂಡಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಬಂದಿತು. ಹಿಂದಿ, ಇಂಗ್ಲಿಷ್ ಎರಡನ್ನೂ ಎಳೆಯ ಪ್ರಾಯದಲ್ಲಿ ಒಟ್ಟಿಗೆ ಓದಲು ಕಲಿತವರು ಎರಡು ಲಿಪಿಗಳಿಗೆ ಮಿದುಳಿನ ಎರಡು ಬೇರೆ ದಾರಿಗಳನ್ನು ಬಳಸುತ್ತಿದ್ದರು. ಇಂಗ್ಲಿಷನ್ನು ಕೆಲವು ವರ್ಷ ತಡವಾಗಿ ಕಲಿತವರು ಹಿಂದಿಯ ದಾರಿಯಲ್ಲಿಯೇ ಇಂಗ್ಲಿಷನ್ನೂ ಓದುತ್ತಿದ್ದರು. ಇಂಗ್ಲಿಷ್ ಮಾಧ್ಯಮದ ಪಕ್ಷಪಾತಿಯು ಮೊದಲನೆಯವರನ್ನು ತೋರಿಸಿ ವಾದಿಸಬಹುದು, ನಾವು ಎರಡನೆಯವರನ್ನು ತೋರಿಸಿ ವಾದಿಸಬಹುದು. ಎರಡೂ ವಾದಗಳು ಆ ಅಧ್ಯಯನವು ಹೇಳದ ಮಾತುಗಳು. ಕನ್ನಡದಲ್ಲಿ ಓದಿಸಬೇಕೆ ಬೇಡವೆ ಎಂಬುದನ್ನು ಮನೆಯವರು ತಮ್ಮ ವಿವೇಕದಿಂದ ನಿರ್ಧರಿಸಲಿ. ಬೇಡವೆಂದು ನಿರ್ಧರಿಸಿದರೆ ನಮಗೆ ವ್ಯಸನವಾದೀತು, ಆದರೆ ಸಿಟ್ಟಾಗದು. ಮಗುವಿನ ಮಿದುಳಿನ ಮೇಲೆ ಹೊಣೆ ಹೊರಿಸಿ ಶಾಲೆ ಬಿಡಿಸಿದರೆ ಮಾತ್ರ ಸಿಟ್ಟಾಗುತ್ತದೆ. ಏಕೆಂದರೆ ಶಾಲೆಯನ್ನು ಬಿಟ್ಟರೂ ಆ ಮಾತು ಮಗುವನ್ನು ಬಿಡುವುದಿಲ್ಲ.

ಮಗುವು ಓದಿನಲ್ಲಿ ಹಿಂದೆ ಬಿದ್ದಿದೆಯೆಂದು ಕಂಡಾಗ ಪಾಲಕರು ಮೊದಲು ಕಣ್ಣನ್ನೂ ಕಿವಿಯನ್ನೂ ಪರೀಕ್ಷೆ ಮಾಡಿಸಲಿ. ಇವೆರಡೂ ಸರಿಯಿದ್ದು ತೊಡಕು ಉಳಿದರೆ, ಅದಕ್ಕೆಂದೇ ಇರುವ ಸರಕಾರಿ ಆಸ್ಪತ್ರೆಯ ತಜ್ಞರಲ್ಲಿಗೆ ನಾವೇ ಪತ್ರ ಬರೆದು ಕಳುಹಿಸುವೆವು. ಅಲ್ಲಿಯ ಪ್ರಮಾಣಪತ್ರವಿದ್ದರೆ ಶಾಲಾಂತ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಇತರ ರಿಯಾಯಿತಿಗಳೂ ದೊರೆಯುತ್ತವೆ. ಬಣ್ಣದ ವರದಿಗಳನ್ನು ತರುವವರನ್ನು ನಾವು ಹಿಂದಕ್ಕೆ ಕಳುಹಿಸುವುದಿಲ್ಲ. ವರದಿಯನ್ನು ಮೇಜಿನ ಮೇಲಿಟ್ಟು, ಮಗುವನ್ನು ಹತ್ತಿರ ಕರೆದು, ಪುಸ್ತಕದಿಂದ ಒಂದು ಪುಟವನ್ನು ಓದಿಸುವೆವು. ಆ ಬಾಲಿಕೆಯೂ ಅಂದು ಓದಿದಳು. ಒತ್ತಕ್ಷರಗಳಲ್ಲಿ ಎಡವಿದಳು, ಎರಡು ಸಾಲುಗಳನ್ನು ದಾಟಿಬಿಟ್ಟಳು. ಕಣ್ಣಿನ ವೈದ್ಯರು ಕನ್ನಡಕ ಬರೆದುಕೊಟ್ಟರು. ಈಗ ಐದನೆಯ ತರಗತಿಯಲ್ಲಿರುವಳು. ಒತ್ತಕ್ಷರಗಳಲ್ಲಿ ಇನ್ನೂ ಎಡವುತ್ತಾಳೆ, ಸಾಲುಗಳನ್ನು ಮಾತ್ರ ದಾಟುವುದಿಲ್ಲ.