ಮೂಕವಾಗದಿರಲಿ ಕನ್ನಡದ ಪುಟ

ಉಪಾಧ್ಯಾಯರು ಕರಿಹಲಗೆಯತ್ತ ಬೆರಳು ತೋರಿ, 'ಇದರಿಂದ ಇದನ್ನು ಕಳೆದರೆ ಇದು ಬರುತ್ತದೆ' ಎಂದಾಗ ಕಣ್ಣುಳ್ಳ ಮಕ್ಕಳಿಗೆ ಲೆಕ್ಕ ತಿಳಿಯುತ್ತದೆ. ಕಣ್ಣು ಕಾಣದ ಮಗುವಿಗೆ ದಕ್ಕುವುದು ಮೂರು 'ಇದು'ಗಳು ಮಾತ್ರ. ತರಗತಿಯಲ್ಲಾದರೆ ಪಕ್ಕದ ಗೆಳೆಯನೊಬ್ಬ ಕಿವಿಯಲ್ಲಿ ಉಸುರಿಯಾನು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ಬಂದಾಗ ಆ ಗೆಳೆಯನೂ ದೂರವಾದನು. ಕೇರಳದ ಪಾಠಮಾಲೆಯಲ್ಲಿ ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದುದು ನಮಗೆಲ್ಲ ಸಂತೋಷ ತಂದ ಸಂಗತಿ. ಆದರೆ ಭಾಷೆಯ ಗೋಡೆ ದಾಟಿದವರೆಲ್ಲರೂ ಕಣ್ಣಿನ ಗೋಡೆಯನ್ನು ದಾಟಿದರೆಂದು ಹೇಳುವಂತಿಲ್ಲ.

ಈ ಗೋಡೆಯನ್ನು ದಾಟುವ ಸಾಧನವು ಇಲ್ಲದಿಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಗಣಕದ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಆದರೆ ಕೈಬರಹದ ಹಾಳೆಯ ಛಾಯಾಚಿತ್ರ ತೆಗೆದು ಕಳುಹಿಸಿದರೆ ಅದಕ್ಕೆ ಅಕ್ಷರವು ಕಾಣದು, ಬರಿಯ ಚಿತ್ರವೊಂದೇ ಕಾಣುವುದು. ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡವಾದರೆ ನಮ್ಮ ಕಣ್ಣಿಗೆ ಶುದ್ಧವಾಗಿ ತೋರಿದರೂ ತಂತ್ರಾಂಶದ ಬಾಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ತೊಡಕಿಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಸಣ್ಣ ಮಾತಲ್ಲ. ಇಂಗ್ಲಿಷಿನ ಪುಟ ಮಾತನಾಡುತ್ತ, ಕನ್ನಡದ ಪುಟ ಮೂಕವಾಗಿದ್ದರೆ, ಮಗುವು ಮಾತನಾಡುವ ಪುಟದತ್ತ ಸರಿಯುವುದು ಸಹಜ. ಆಗ ಕನ್ನಡವನ್ನು ತೊರೆದನೆಂದು ಅವನನ್ನು ದೂರುವ ಅಧಿಕಾರ ನಮಗಿರುವುದೇ?

ಕಿವಿಯೊಂದೇ ಸಾಲದೆಂಬುದನ್ನೂ ಹೇಳಬೇಕು. ಕೇಳಿ ಮಾತ್ರ ಕಲಿತವರಿಗೆ ಕಾಗುಣಿತ, ಒತ್ತಕ್ಷರಗಳು ಕೈಗೆ ಹತ್ತುವುದು ಕಷ್ಟ. ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಯಾವ ಯಂತ್ರ ಬಂದರೂ ಬಿಡಲಾಗದು.

ಕಾನೂನು ಈ ಮಕ್ಕಳ ಪರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಿದೆ; ಅಂತರ್ಜಾಲದ ಸೇವೆಗಳು ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆದರೆ ಕಾನೂನು ಮನೆಗೆ ಬಂದು ಪಾಠ ಓದಿ ಹೇಳಲಾರದು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ: ಬರೆದುದನ್ನು ಬಾಯಿಬಿಟ್ಟು ಹೇಳಿರಿ. 'ಹದಿನೈದರಿಂದ ಆರನ್ನು ಕಳೆದರೆ ಒಂಬತ್ತು' ಎನ್ನಲು ಹೆಚ್ಚು ಹೊತ್ತು ಬೇಡ. ಚಿತ್ರದ ಕೆಳಗೆ ಅದರಲ್ಲಿರುವುದನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಕಿವಿ ಕೇಳದ ಮಕ್ಕಳಿಗಾಗಿ ದೃಶ್ಯಪಾಠದ ಅಡಿಯಲ್ಲಿ ಮಾತುಗಳು ಬರಹವಾಗಿ ಮೂಡಲಿ. ಮನೆಯಲ್ಲಿ ತಾಯಂದಿರು ರಟ್ಟಿನ ಮೇಲೆ ದಾರ ಅಂಟಿಸಿ ತ್ರಿಕೋನವನ್ನು ಬೆರಳಿಗೆ ಕಾಣಿಸಬಹುದು.

ನಾವೂ ಈ ತಪ್ಪಿನಿಂದ ಹೊರತಲ್ಲ. ಓದುಗರು ಕೇಳಿದ ಲೇಖನಗಳನ್ನು ಪುಟದ ಛಾಯಾಚಿತ್ರ ತೆಗೆದು ಕಳುಹಿಸಿದ್ದುಂಟು. ಇನ್ನು ಮುಂದೆ ಅಕ್ಷರರೂಪದಲ್ಲಿಯೇ ಕಳುಹಿಸುವೆವು. ಮೊದಲು ನಮ್ಮ ಪುಟವು ಬಾಯಿ ತೆರೆಯಲಿ.